ಅರಮನೆಗಿಂತ ಹಳೆಯ ಪುರಭವನ

ಮೈಸೂರಿಗೆ ಹೋದವರು ಅರಮನೆಯನ್ನು ನೋಡದೆ ಹಿಂದಿರುಗುವುದಿಲ್ಲ. ನೀವೂ ನೋಡಿರುತ್ತೀರಿ. ದಸರೆಯ ಸಂಜೆ ದೀಪಗಳೆಲ್ಲ ಒಮ್ಮೆಗೇ ಹೊತ್ತಿಕೊಂಡಾಗ ಎಲ್ಲರ ಜೊತೆ 'ಆಹಾ' ಎಂದಿರುತ್ತೀರಿ. ಆದರೆ ಅದೇ ಅರಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ದೊಡ್ಡ ಗಡಿಯಾರದ ಮಗ್ಗುಲಲ್ಲಿ, ಎತ್ತರದ ಕಂಬಗಳ ಮೇಲೆ ತ್ರಿಕೋನದ ಮುಡಿ ಹೊತ್ತು ನಿಂತಿರುವ ಎರಡಂತಸ್ತಿನ ಕಟ್ಟಡವೊಂದಿದೆ. ಅದನ್ನು ನಿಂತು ನೋಡಿದವರು ಎಷ್ಟು ಮಂದಿ? ಬಸ್ಸಿನ ಕಿಟಕಿಯಿಂದ ಕಂಡು, 'ಟೌನ್ ಹಾಲ್ ಬಂತು, ಇಳಿಯೋಣ' ಎಂದವರೇ ಹೆಚ್ಚು.

ಈ ಎರಡು ಕಟ್ಟಡಗಳಲ್ಲಿ ಹಿರಿಯದು ಯಾವುದು ಎಂದು ಕೇಳಿದರೆ ಬಹುಮಂದಿ ಅರಮನೆಯೆನ್ನುತ್ತಾರೆ. ಮರದ ಹಳೆಯ ಅರಮನೆ 1897ರ ಫೆಬ್ರವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಮೇಲೆದ್ದ ಇಂದಿನ ಅರಮನೆ ಪೂರ್ಣಗೊಂಡದ್ದು 1912ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿನ ದೊಡ್ಡ ಗಡಿಯಾರ 1927ರದು. ಪುರಭವನವಾದರೋ 1884ರದು. ಅಂದರೆ ಇಂದು ನಾವು ಕಾಣುವ ಮೈಸೂರಿನಲ್ಲಿ ರಾಜರ ಮನೆಗಿಂತ ಪ್ರಜೆಗಳ ಮನೆಯೇ ವಯಸ್ಸಿನಲ್ಲಿ ದೊಡ್ಡದು. ಇದು ಕೇವಲ ಕಾಕತಾಳೀಯವಿರಬಹುದು. ಆದರೂ ಆ ಕಟ್ಟಡ ಯಾರ ಹೆಸರನ್ನು ಹೊತ್ತಿದೆ ಎಂಬುದನ್ನು ತಿಳಿದಾಗ ಈ ಮಾತಿಗೆ ಬೇರೆಯೇ ಒಂದು ಅರ್ಥ ಬರುತ್ತದೆ.

ಹೆಸರಿನ ಹಿಂದಿನ ಮನುಷ್ಯ

ಪುರಭವನದ ಪೂರ್ಣ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಸಿ.ವಿ. ರಂಗಾಚಾರ್ಲು ಹುಟ್ಟಿದ್ದು 1831ರಲ್ಲಿ, ಮದ್ರಾಸು ಪ್ರಾಂತ್ಯದ ಚೆಂಗಲ್ಪಟ್ಟು ಸೀಮೆಯಲ್ಲಿ. ಮದ್ರಾಸು ಸರ್ಕಾರದ ನೌಕರಿಯಲ್ಲಿದ್ದ ಅವರು 1868ರಲ್ಲಿ ಅರಮನೆಯ ವ್ಯವಹಾರಗಳನ್ನು ಸರಿಪಡಿಸಲು ಮೈಸೂರಿಗೆ ಬಂದರು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಐವತ್ತು ವರ್ಷಗಳ ಕಮಿಷನರ್ ಆಡಳಿತ ಮುಗಿದು, 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ ದಿವಾನಗಿರಿ ರಂಗಾಚಾರ್ಲು ಅವರ ಪಾಲಿಗೆ ಬಂತು.

ಬಂದ ರಾಜ್ಯ ಎಂಥದು? 1876ರಿಂದ 1878ರವರೆಗಿನ ಭೀಕರ ಕ್ಷಾಮ ಊರೂರುಗಳನ್ನೇ ಬರಿದುಮಾಡಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಮನೆಗೆ ಆರು ಮಂದಿಯಿದ್ದ ಕಡೆ ಐವರು ಉಳಿದಿದ್ದರು ಎಂದುಕೊಳ್ಳಿ. ಬೊಕ್ಕಸದ ಮೇಲೆ ಸಾಲದ ಹೊರೆ ಬೇರೆ. ಇಂಥ ಹೊತ್ತಿನಲ್ಲಿ ಹೊಸ ದಿವಾನರು ಕೈಗೊಂಡ ಕೆಲಸಗಳಲ್ಲಿ ಎರಡನ್ನು ಇಂದಿಗೂ ನೆನೆಯುತ್ತೇವೆ. ಒಂದು, 1882ರಲ್ಲಿ ಓಡತೊಡಗಿದ ಬೆಂಗಳೂರು–ಮೈಸೂರು ರೈಲು. ಇನ್ನೊಂದು, ಪ್ರಜಾಪ್ರತಿನಿಧಿ ಸಭೆ.

1881ರ ಆಗಸ್ಟ್ 25ರಂದು ಈ ಸಭೆಯ ಬಗ್ಗೆ ಆಜ್ಞೆ ಹೊರಟಿತು. ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಸಮಯಕ್ಕೆ, 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿದರು. ತಾಲ್ಲೂಕುಗಳಿಂದ ಬಂದ ರೈತ ಮುಖಂಡರು, ವರ್ತಕರು. ದಿವಾನರು ಅವರೆದುರು ನಿಂತು ರಾಜ್ಯದ ಆದಾಯವೆಷ್ಟು, ಖರ್ಚೆಷ್ಟು, ಮುಂದೇನು ಮಾಡಬೇಕೆಂದಿದ್ದೇವೆ ಎಂಬುದನ್ನು ಓದಿ ಹೇಳಿದರು. ಭಾರತದ ಯಾವ ದೇಶೀ ಸಂಸ್ಥಾನದಲ್ಲೂ ಅದುವರೆಗೆ ಇಂಥದೊಂದು ನಡೆದಿರಲಿಲ್ಲ. ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಲು ಇನ್ನೂ ನಾಲ್ಕು ವರ್ಷ ಬಾಕಿಯಿತ್ತು.

ರಂಗಾಚಾರ್ಲು ಇದರ ಬೆಳವಣಿಗೆಯನ್ನು ಹೆಚ್ಚು ಕಾಲ ನೋಡಲಿಲ್ಲ. 1883ರ ಜನವರಿಯಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಚಾಮರಾಜೇಂದ್ರ ಒಡೆಯರು ಸ್ಮಾರಕ ಭವನಕ್ಕೆ ಅಡಿಗಲ್ಲು ಹಾಕಿದರು. ದಿವಾನರೊಬ್ಬರ ನೆನಪಿಗೆ ಪ್ರತಿಮೆ ನಿಲ್ಲಿಸಬಹುದಿತ್ತು, ಛತ್ರ ಕಟ್ಟಿಸಬಹುದಿತ್ತು. ಹಾಗಾಗದೆ, ಊರಿನ ಜನ ಕಲೆತು ಮಾತಾಡುವುದಕ್ಕೊಂದು ಜಾಗ ಕಟ್ಟಲಾಯಿತು. ಜನರನ್ನು ಕೂರಿಸಿ ಮಾತು ಕೇಳಿದವರಿಗೆ ಇದಕ್ಕಿಂತ ತಕ್ಕ ಸ್ಮಾರಕ ಇನ್ನೇನಿದೆ?

ಯಾರಿಗೆ ಒಳಗೆ ಜಾಗ?

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಆ ಮೊದಲ ಸಭೆಯನ್ನು ಇಂದಿನ ಅರ್ಥದ ಪ್ರಜಾಪ್ರಭುತ್ವ ಎನ್ನಲಾಗದು. ಸದಸ್ಯರು ಉಳ್ಳವರು, ಕೇಳಬಹುದಿತ್ತು, ಅರಿಕೆ ಮಾಡಿಕೊಳ್ಳಬಹುದಿತ್ತು, ಕಾನೂನು ಮಾಡುವ ಅಧಿಕಾರವಿರಲಿಲ್ಲ. ಹೆಂಗಸರಿರಲಿಲ್ಲ. ಊರಾಚೆಯ ಕೇರಿಗಳಿಂದ ಬಂದವರ ದನಿ ಅಲ್ಲಿ ಕೇಳಿಸುತ್ತಿರಲಿಲ್ಲ. ಚುನಾವಣೆ ಬಂದದ್ದು 1891ರಲ್ಲಿ, ಅದೂ ಕಂದಾಯ ಕಟ್ಟುವ ಆಸ್ತಿವಂತರಿಗೆ ಮಾತ್ರ. ಬಾಲ್ಯವಿವಾಹ ತಡೆಯುವ 1894ರ ಕಾನೂನಿನ ವಿಚಾರದಲ್ಲಿ ಪ್ರತಿನಿಧಿಗಳ ನಡುವೆ ಕಾವೇರಿದ ಚರ್ಚೆಯಾಗಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. 1923ರ ಶಾಸನ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಬುನಾದಿ ಕೊಟ್ಟಿತು. ಹೆಂಗಸರೆಂಬ ಕಾರಣಕ್ಕೆ ಮತದಾನದಿಂದ ಹೊರಗಿಡುವ ಅಡ್ಡಿಯೂ ಆಗ ತೊಲಗಿತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಆ ಸಭೆ ಚರಿತ್ರೆಗೆ ಸೇರಿತು.

ಹೀಗೆ ಬಾಗಿಲು ಒಮ್ಮೆಗೇ ತೆರೆದದ್ದಲ್ಲ. ಇಂಚಿಂಚಾಗಿ, ಒಬ್ಬೊಬ್ಬರೇ ತಳ್ಳಿ ತೆರೆದದ್ದು. ಇಂದು ಪುರಭವನದ ಆವರಣದಲ್ಲಿ ಡಾ. ಅಂಬೇಡ್ಕರ್ ಅವರ ಪ್ರತಿಮೆಯಿದೆ. ಏಪ್ರಿಲ್ 14ರಂದು ಅಲ್ಲಿ ಹೂವಿನ ರಾಶಿ ಬೀಳುತ್ತದೆ. ಹಿಂದೆ ದಿವಾನರ ಹೆಸರಿನ ಭವನ, ಮುಂದೆ ಸಂವಿಧಾನವನ್ನು ರೂಪಿಸಿದವರ ಪ್ರತಿಮೆ. ಅರಿಕೆಯಿಂದ ಹಕ್ಕಿನವರೆಗೆ ನಾಡು ನಡೆದ ದಾರಿಯನ್ನು ಇಷ್ಟು ಚಿಕ್ಕ ಅಂಗಳದಲ್ಲಿ ಬೇರೆಲ್ಲಿ ನೋಡಲು ಸಿಕ್ಕೀತು?

ಮೈಕು ಇಲ್ಲದ ಕಾಲದ ಸಭಾಂಗಣ

ದೂರದರ್ಶನದ ಕೆಲಸದಲ್ಲಿರುವವರಿಗೆ ಒಂದು ಅಭ್ಯಾಸ. ಯಾವುದೇ ಸಭಾಂಗಣಕ್ಕೆ ಹೋದರೂ ಕ್ಯಾಮೆರಾ ಇಡುವ ಮುನ್ನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ಕಿವಿಗೊಡುತ್ತೇವೆ. ಸದ್ದು ಎಷ್ಟು ಹೊತ್ತು ಸುಳಿದಾಡುತ್ತದೆ ಎಂಬುದರ ಮೇಲೆ ಮೈಕು ಎಲ್ಲಿಡಬೇಕೆಂಬ ತೀರ್ಮಾನ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎದುರಿನ ಗೋಡೆ 17 ಮೀಟರಿಗಿಂತ ದೂರವಿದ್ದರೆ ಹೋಗಿ ಬಂದ ದನಿ ಪ್ರತಿಧ್ವನಿಯಾಗಿ ಬೇರೆಯಾಗಿಯೇ ಕೇಳಿಸುತ್ತದೆ. ಹತ್ತಿರವಿದ್ದರೆ ಮೂಲ ದನಿಯೊಡನೆ ಬೆರೆತು ಅದಕ್ಕೆ ತುಂಬು ಕೊಡುತ್ತದೆ. ಅತಿಯಾದರೆ ಮಾತೆಲ್ಲ ಕಲಸುಮೇಲೋಗರ.

ಸಭಾಂಗಣದ ದನಿಯನ್ನು ಲೆಕ್ಕ ಹಾಕಬಹುದು ಎಂದು ತೋರಿಸಿಕೊಟ್ಟವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸೇಬಿನ್. 1895ರಲ್ಲಿ ಅವರ ಪ್ರಯೋಗಗಳು ಶುರುವಾದವು. ಮಾತು ತಿಳಿಯದಂತಿದ್ದ ಒಂದು ಉಪನ್ಯಾಸ ಕೊಠಡಿಯೊಳಗೆ ಕುರ್ಚಿಯ ಮೆತ್ತೆಗಳನ್ನು ತಂದು ಹರಡಿ, ಸದ್ದು ಅಡಗಲು ಹಿಡಿಯುವ ಸಮಯವನ್ನು ಅವರು ಅಳೆದರು. ನಮ್ಮ ಪುರಭವನದ ಅಡಿಗಲ್ಲು ಅದಕ್ಕೂ ಹನ್ನೊಂದು ವರ್ಷ ಮೊದಲಿನದು. ಆಗ ಮೈಕಿಲ್ಲ, ಸೂತ್ರವಿಲ್ಲ, ವಿದ್ಯುತ್ತೂ ಇಲ್ಲ. ಕಟ್ಟಿದವರಿಗೆ ಆಧಾರ ಅನುಭವವೊಂದೇ. ಎತ್ತರದ ಚಾವಣಿ, ಮೇಲ್ಮಹಡಿ, ದೊಡ್ಡ ಬಾಗಿಲು ಕಿಟಕಿಗಳು ಆ ಕಾಲದ ಸಭಾಭವನಗಳಲ್ಲಿ ಅಂದಕ್ಕಷ್ಟೇ ಇದ್ದವಲ್ಲ. ಬಿಸಿ ಗಾಳಿ ಮೇಲೇರಿ ಹೊರಹೋಗಬೇಕು, ತಣ್ಣನೆಯ ಗಾಳಿ ಒಳಬರಬೇಕು, ಹಗಲಿನ ಬೆಳಕೇ ಸಾಕಾಗಬೇಕು, ಕೊನೆಯ ಸಾಲಿನವನಿಗೂ ಮಾತು ಕೇಳಿಸಬೇಕು. ಜನ ತುಂಬಿದಾಗ ಅವರ ಮೈಯೂ ಬಟ್ಟೆಯೂ ಸದ್ದನ್ನು ಹೀರಿಕೊಳ್ಳುತ್ತವೆ. ಅಂದರೆ ಜನ ಸೇರಿದಾಗಲೇ ಇಂಥ ಸಭಾಂಗಣ ಸರಿಯಾಗಿ ಕೆಲಸ ಮಾಡುವುದು.

ಸುಣ್ಣದ ಗುಟ್ಟು

ಇನ್ನು ಗೋಡೆಯ ವಿಷಯ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮಲ್ಲಿ ಕಟ್ಟಡಗಳನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಗಾರೆ. ಅದರ ರಸಾಯನಶಾಸ್ತ್ರ ಸೊಗಸಾದದ್ದು, ಸ್ವಲ್ಪ ತಾಳ್ಮೆಯಿಂದ ಕೇಳಿ.

100 ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ನೀರು ಹಾಕಿದರೆ ಅದು ಕೊತಕೊತನೆ ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳನ್ನೂ ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನೂ ಸೇರಿಸಿ, ಎತ್ತು ಎಳೆಯುವ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ರಸ ಹಾಕುವ ರೂಢಿಯೂ ಇತ್ತು. ಗೋಡೆಗೆ ಸೇರಿದ ಮೇಲೆ ಆ ಗಾರೆ ತಾನು ಕಳೆದುಕೊಂಡಿದ್ದ ಅನಿಲವನ್ನು ಗಾಳಿಯಿಂದ ನಿಧಾನವಾಗಿ ಮರಳಿ ಪಡೆಯುತ್ತದೆ, ಹೊರಗಿನಿಂದ ಒಳಕ್ಕೆ, ವರ್ಷಗಟ್ಟಲೆ. ಕಲ್ಲು ಸುಣ್ಣವಾಗಿ, ಸುಣ್ಣ ಮತ್ತೆ ಕಲ್ಲಾಗುತ್ತದೆ. ಹಳೆಯ ಗೋಡೆ ಕಾಲ ಕಳೆದಂತೆ ಗಟ್ಟಿಯಾಗುತ್ತದೆ ಎಂದು ಹಿರಿಯರು ಹೇಳುವುದು ಇದಕ್ಕೇ.

ಗಾರೆಗೆ ಇನ್ನೊಂದು ಗುಣವಿದೆ. ಅದು ಉಸಿರಾಡುತ್ತದೆ. ಮಳೆಗಾಲದಲ್ಲಿ ಗೋಡೆ ಕುಡಿದ ತೇವ ಬೇಸಿಗೆಯಲ್ಲಿ ಗಾರೆಯ ಸಣ್ಣ ರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತದೆ. ಕಟ್ಟಡ ಅಷ್ಟಿಷ್ಟು ಕದಲಿದರೂ ಗಾರೆ ಅದನ್ನು ತಾಳಿಕೊಳ್ಳುತ್ತದೆ. ಇಂಥ ಗೋಡೆಗೆ ನಾವು 'ದುರಸ್ತಿ' ಎಂದು ಸಿಮೆಂಟು ಮೆತ್ತುತ್ತೇವೆ. ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿಯುತ್ತೇವೆ. ಮೊದಲ ಎರಡು ವರ್ಷ ನೋಡಲು ಚೆಂದ. ಆದರೆ ಒಳಗಿನ ತೇವಕ್ಕೆ ಹೊರದಾರಿ ಮುಚ್ಚಿತು. ನೀರಿನಲ್ಲಿ ಕರಗಿದ ಲವಣ ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಪುಡಿ ಮಾಡುತ್ತದೆ. ಹೊರಗೆ ಗಟ್ಟಿ ಚಿಪ್ಪು, ಒಳಗೆ ಹಿಟ್ಟು. ಜ್ವರ ಬಂದವನಿಗೆ ಕಂಬಳಿ ಹೊದಿಸಿ ಕಿಟಕಿ ಮುಚ್ಚಿದ ಹಾಗೆ.

ಚಾವಣಿಯ ಕಥೆಯೂ ಹೀಗೆಯೇ. ಆ ಕಾಲದ ಅನೇಕ ಕಟ್ಟಡಗಳಲ್ಲಿರುವುದು 'ಮದ್ರಾಸು ತಾರಸಿ'. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಚ್ಚನ್ನು ಬಡಿದು, ಕೊನೆಗೆ ಚಪ್ಪಟೆ ಬಿಲ್ಲೆಗಳನ್ನು ಹಾಸುವ ಕ್ರಮ. ಮೇಲೆ ನೀರು ನಿಲ್ಲದಿದ್ದರೆ ಅದು ನೂರು ವರ್ಷ ಬಾಳುತ್ತದೆ. ನೀರು ಹೋಗುವ ಕೊಳವೆಯಲ್ಲಿ ಎಲೆ ಕಟ್ಟಿಕೊಂಡರೆ ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ. ಅದು ಕೆಳಗಿನಿಂದ ಕಾಣುವುದಿಲ್ಲ. ಹವಾನಿಯಂತ್ರಣಕ್ಕೆಂದು ಸುಳ್ಳು ಚಾವಣಿ ಹಾಕಿಬಿಟ್ಟರಂತೂ ಕೇಳುವುದೇ ಬೇಡ. ಮೇಲಿನ ಕಲೆ, ಸೋರಿಕೆ, ಬಿರುಕು ಎಲ್ಲವೂ ಮರೆ. ಬಿರುಕಿನಲ್ಲಿ ಹಕ್ಕಿ ತಂದು ಹಾಕಿದ ಅರಳಿಯ ಬೀಜ ಮೊಳೆತರೆ ಮೇಲಿನ ಗಿಡ ಕಿತ್ತು ಸುಮ್ಮನಾಗುತ್ತೇವೆ. ಬೇರು ಗೋಡೆಯೊಳಗೆ ಬೆಳೆಯುತ್ತಲೇ ಇರುತ್ತದೆ.

ನೆರೆಹೊರೆಯ ಪಾಠ

ಇದೆಲ್ಲ ಪುಸ್ತಕದ ಮಾತೆಂದು ತಳ್ಳಿಹಾಕುವಂತಿಲ್ಲ. ಪುರಭವನದಿಂದ ಹೆಚ್ಚು ದೂರವಿಲ್ಲದ ಲ್ಯಾನ್ಸ್‌ಡೌನ್ ಕಟ್ಟಡ 1892ರದು. ಹಳೆ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಆ ಸಾಲಿನಲ್ಲಿ ನಿಮ್ಮಲ್ಲಿ ಅನೇಕರು ಪಠ್ಯಪುಸ್ತಕ ಕೊಂಡಿರಬಹುದು. 2012ರ ಆಗಸ್ಟ್‌ನಲ್ಲಿ ಅದರ ಚಾವಣಿಯ ಒಂದು ಭಾಗ ಕುಸಿದು ನಾಲ್ಕು ಜನ ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ನಂತರ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಎರಡೂ ಆಗಸ್ಟ್ ತಿಂಗಳಲ್ಲೇ ಎಂಬುದನ್ನು ಗಮನಿಸಿ. ಮುಂಗಾರಿನ ನೀರನ್ನು ಕುಡಿದು ಹಳೆಯ ಕಟ್ಟಡಗಳು ಭಾರವಾಗುವ ಕಾಲ ಅದು.

ಆ ಬಳಿಕ ನಡೆದದ್ದು ದೀರ್ಘ ವಾದ. ದುರಸ್ತಿ ಮಾಡಿ ಉಳಿಸಬಹುದೆಂದು ಪರಂಪರೆಯ ತಜ್ಞರು. ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆಂದು ಇನ್ನೊಂದು ಪಕ್ಷ. ನಡುವೆ ಅಂಗಡಿಕಾರರ ಬದುಕು. ವಿಷಯ ಕೋರ್ಟಿಗೆ ಹೋಗಿ, 2023ರಲ್ಲಿ ಉಚ್ಚ ನ್ಯಾಯಾಲಯದ ತೀರ್ಪು ಕೆಡವಿ ಕಟ್ಟುವ ನಿರ್ಧಾರದ ಪರವಾಗಿ ಬಂತು. ಯಾವ ಪಕ್ಷ ಸರಿಯೆಂದು ಇಲ್ಲಿ ತೀರ್ಮಾನಿಸುವುದು ಬೇಡ. ಹಳೆಯ ಕಟ್ಟಡ ಉಳಿಯಲಿ ಎನ್ನುವ ನಮ್ಮಂಥವರು ಆ ನಾಲ್ಕು ಜೀವಗಳನ್ನು ಮರೆತು ಮಾತಾಡಬಾರದು. ಅಷ್ಟೇ ಮುಖ್ಯವಾದ ಇನ್ನೊಂದು ಮಾತು: ಕಟ್ಟಡ ಒಂದು ದಿನದಲ್ಲಿ ಬೀಳುವುದಿಲ್ಲ. ಬೀಳುವ ದಿನಕ್ಕಿಂತ ಇಪ್ಪತ್ತು ವರ್ಷ ಮೊದಲು ಯಾರೋ ಒಂದು ಕೊಳವೆಯನ್ನು ಶುಚಿ ಮಾಡದೆ ಬಿಟ್ಟಿರುತ್ತಾರೆ. ಉಳಿಸಬೇಕೋ ಕೆಡವಬೇಕೋ ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲೇರುವ ಹೊತ್ತಿಗೆ ಅಗ್ಗದ ಉತ್ತರಗಳೆಲ್ಲ ಮುಗಿದುಹೋಗಿರುತ್ತವೆ.

ಪುರಭವನಕ್ಕೆ ಬಂದ ಪರೀಕ್ಷೆ ಬೇರೆ ಬಗೆಯದು. ನಗರದ ನಡುವಿನ ವಾಹನ ದಟ್ಟಣೆಗೆ ಪರಿಹಾರವಾಗಿ ಅದರ ಆವರಣದಲ್ಲಿ ನೆಲದಡಿ ವಾಹನ ನಿಲುಗಡೆಯ ತಾಣ ಕಟ್ಟುವ ಕೆಲಸ 2010ರ ದಶಕದಲ್ಲಿ ಶುರುವಾಗಿ ವರ್ಷಗಟ್ಟಲೆ ಎಳೆಯಿತು. ಕಾರು, ಸ್ಕೂಟರುಗಳಿಗೆ ಜಾಗ ಬೇಕು, ನಿಜ. ಆದರೆ ಹಳೆಯ ಕಟ್ಟಡಗಳ ತಳಪಾಯ ಇಂದಿನವುಗಳಂತೆ ಆಳಕ್ಕಿಳಿದ ಕಾಂಕ್ರೀಟಿನದಲ್ಲ. ಅಗಲವಾಗಿ ಹರಡಿದ ಕಲ್ಲು ಗಾರೆಯ ಪಾದ ಅದು. ಸುತ್ತಲಿನ ಮಣ್ಣಿನ ಒತ್ತಾಸೆಯೂ ಮಣ್ಣಿನೊಳಗಿನ ತೇವವೂ ಇದ್ದಂತೆ ಇದ್ದರೆ ಮಾತ್ರ ಅದು ನೆಮ್ಮದಿಯಾಗಿರುತ್ತದೆ. ಪಕ್ಕದಲ್ಲಿ ಆಳವಾಗಿ ಅಗೆದರೆ, ಮುದುಕರ ಕೈಯಿಂದ ಊರುಗೋಲನ್ನು ಕಸಿದಂತೆ. ಆದ್ದರಿಂದಲೇ ಪರಂಪರೆಯ ಬಗ್ಗೆ ಕಾಳಜಿಯುಳ್ಳವರು ಆತಂಕ ವ್ಯಕ್ತಪಡಿಸಿದರು. ಇಂಥ ಕಡೆ ಅಗೆಯುವ ಮುನ್ನ ಮಣ್ಣಿನ ಪರೀಕ್ಷೆ, ಅಗೆಯುವಾಗ ಗೋಡೆಗಳ ಮೇಲೆ ನಿಗಾ, ಮುಗಿದ ಮೇಲೂ ಕೆಲವು ವರ್ಷ ಅಳತೆ ಇವು ಅಗತ್ಯ. ನಿಗಾ ಎಂದರೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಅಂಟಿಸಿ ತಾರೀಖು ಬರೆದಿಟ್ಟರೆ ಸಾಕು. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಅದು ಹಳೆಯ ಗಾಯ, ಮಾಗಿದೆ ಎಂದರ್ಥ.

ಯಾರ ಹೊಣೆ?

ಕಾನೂನು ಕಾಪಾಡುತ್ತದಲ್ಲ ಎಂದು ನೀವು ಕೇಳಬಹುದು. ಕೇಂದ್ರದ 1958ರ ಸ್ಮಾರಕ ಕಾಯಿದೆ, ನಮ್ಮ ರಾಜ್ಯದ 1961ರ ಕಾಯಿದೆ ಎರಡೂ ಕಾಪಾಡುವುದು ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳನ್ನು. ಊರೂರುಗಳ ಪುರಭವನ, ಮಾರುಕಟ್ಟೆ, ಶಾಲೆ, ಆಸ್ಪತ್ರೆಗಳು ಬಹುಪಾಲು ಸ್ಥಳೀಯ ಸಂಸ್ಥೆಗಳ ಸುಪರ್ದಿಯಲ್ಲಿ ಉಳಿಯುತ್ತವೆ. ಮೈಸೂರಿನ ಪುರಭವನವೂ ಪಾಲಿಕೆಯದೇ. ಪಾಲಿಕೆಗೆ ಚರಂಡಿಯಿದೆ, ಕಸವಿದೆ, ಬೀದಿದೀಪವಿದೆ. ಹಳೆಯ ಚಾವಣಿಯ ಸರದಿ ಕೊನೆಗೆ. ಬಂದಾಗಲೂ ಕಡಿಮೆ ದರ ಕೂಗಿದ ಗುತ್ತಿಗೆದಾರನಿಗೆ ಕೆಲಸ. ಅವನಿಗೆ ಗೊತ್ತಿರುವುದು ಸಿಮೆಂಟು. ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ವಿರಳರಾಗಿದ್ದಾರೆ. ಅವರ ಮಕ್ಕಳು ಆ ಕಸುಬು ಹಿಡಿಯಲಿಲ್ಲ. ಕಟ್ಟಡದ ಜೊತೆ ಅದನ್ನು ವಾಸಿ ಮಾಡುವ ವಿದ್ಯೆಯನ್ನೂ ಉಳಿಸಿಕೊಳ್ಳದಿದ್ದರೆ ನಮಗೆ ಸಿಗುವುದು ಹಳೆಯ ಮುಖವಾಡದ ಹೊಸ ಕಟ್ಟಡವಷ್ಟೇ.

'ಚರಂಡಿಗೇ ಹಣವಿಲ್ಲ, ಹಳೆ ಕಟ್ಟಡಕ್ಕೇಕೆ ಖರ್ಚು?' ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇಷ್ಟು: ಸಭಾಂಗಣ ಬೇಕೆಂದು ಹೊಸದನ್ನು ಕಟ್ಟುವುದಕ್ಕಿಂತ ಇರುವುದನ್ನು ವರ್ಷಕ್ಕೊಮ್ಮೆ ನೋಡಿಕೊಳ್ಳುವುದು ಅಗ್ಗ. ಮುಂಗಾರಿಗೆ ಮೊದಲು ತಾರಸಿ ಗುಡಿಸಿ, ಕೊಳವೆ ಬಿಡಿಸಿ, ಗಿಡಗಳನ್ನು ಬೇರುಸಹಿತ ತೆಗೆದು, ಕಿಟಕಿಗಳನ್ನು ತೆರೆದು ಗಾಳಿಯಾಡಿಸುವುದಕ್ಕೆ ಕೋಟಿ ರೂಪಾಯಿ ಬೇಡ. ಮತ್ತೆ, ಬಳಕೆಯೇ ದೊಡ್ಡ ಸಂರಕ್ಷಣೆ. ಬೀಗ ಹಾಕಿದ ಮನೆಗೆ ಗೆದ್ದಲೇ ಮೊದಲ ಬಾಡಿಗೆದಾರ. ಹವ್ಯಾಸಿ ನಾಟಕ ತಂಡಕ್ಕೂ, ಕಾರ್ಮಿಕ ಸಂಘದ ಸಭೆಗೂ, ಶಾಲಾ ಮಕ್ಕಳ ಹಾಡಿಗೂ ಎಟಕುವ ಬಾಡಿಗೆಯಿದ್ದರೆ ಪುರಭವನ ತುಂಬಿರುತ್ತದೆ. ಸೋರಿದ ದಿನವೇ ಹತ್ತು ಜನ ನೋಡಿ ಗಲಾಟೆ ಮಾಡುತ್ತಾರೆ. ಆ ಗಲಾಟೆಯೇ ಕಟ್ಟಡದ ಆಯುಷ್ಯ.

ಮುಂದಿನ ಸಲ ಮೈಸೂರಿಗೆ ಹೋದಾಗ, ಅಥವಾ ನಿಮ್ಮದೇ ಊರಿನ ಹಳೆಯ ಪುರಭವನದ ಮುಂದೆ ಹಾದುಹೋಗುವಾಗ, ಐದು ನಿಮಿಷ ನಿಲ್ಲಿ. ಮೊದಲು ಮೇಲೆ ನೋಡಿ: ಗೋಡೆಯಂಚಿನಲ್ಲಿ ಅರಳಿಯ ಎಲೆ ಕಾಣುತ್ತಿದೆಯೇ? ಮಳೆನೀರಿನ ಕೊಳವೆ ನೆಲದವರೆಗೆ ಬಂದಿದೆಯೇ, ಗೋಡೆಯ ಮೇಲೆಯೇ ನೀರು ಸುರಿಸುತ್ತಿದೆಯೇ? ಬುಡದಲ್ಲಿ ಬಿಳಿ ಲವಣದ ಹೂವು ಅರಳಿದೆಯೇ? ಬಾಗಿಲು ತೆರೆದಿದ್ದರೆ ಒಳಹೋಗಿ ಒಮ್ಮೆ ಚಪ್ಪಾಳೆ ತಟ್ಟಿ ಕೇಳಿ. ಕಂಡದ್ದನ್ನು ಒಂದು ಕಾಗದದಲ್ಲಿ ಬರೆದು ನಿಮ್ಮ ಪಾಲಿಕೆಗೋ ಪುರಸಭೆಗೋ ಕಳಿಸಿ. ಪ್ರತಿಯೊಂದನ್ನು ಇಟ್ಟುಕೊಳ್ಳಿ, ಉತ್ತರ ಬಾರದಿದ್ದರೆ ಮತ್ತೊಂದು ಬರೆಯಿರಿ. 1881ರಲ್ಲಿ 144 ಮಂದಿ ಮೈಸೂರಿನವರೆಗೆ ಪ್ರಯಾಣ ಮಾಡಿದ್ದು ತಮ್ಮ ಊರಿನ ಕುಂದುಕೊರತೆಗಳನ್ನು ಹೇಳಿಕೊಳ್ಳಲೆಂದೇ. ನಿಮ್ಮ ಕಾಗದಕ್ಕೆ ಬೇಕಾಗಿರುವುದು ಒಂದು ಅಂಚೆಚೀಟಿ ಮಾತ್ರ.